‘ಇಲ್ಲ’ ಎನ್ನುವವರ ಹೊಣೆ



ಬಳ್ಳಾರಿ ನಗರದ ಸತ್ಯನಾರಾಯಣಪೇಟೆಯಂಥ ಒಂದು ಪೇಟೆಯನ್ನು ಕ್ಷಣಕಾಲ ಮನಸ್ಸಿಗೆ ತಂದುಕೊಳ್ಳಿ. ಅಲ್ಲಿಯ ಒಂದು ಓಣಿಯಲ್ಲಿ ಹದಿನೈದು ಇಪ್ಪತ್ತು ನೇಕಾರ ಕುಟುಂಬಗಳಿವೆ ಎಂದು ಭಾವಿಸೋಣ. ನಡುಮನೆಯೇ ಅವರ ಕಾರ್ಖಾನೆ. ಗಂಡ ಮಗ್ಗದಲ್ಲಿ ಕುಳಿತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ನೂಲು ಸಾವುಕಾರನದು, ನೇಯ್ದ ಬಟ್ಟೆಯೂ ಅವನದೇ, ಇವರ ಪಾಲಿಗೆ ಬರುವುದು ಅವನು ಗೊತ್ತುಮಾಡಿದ ಕೂಲಿ ಮಾತ್ರ. ಒಂದು ಸಂಜೆ ಇವರೆಲ್ಲ ಒಬ್ಬರ ಮನೆಯ ಜಗಲಿಯ ಮೇಲೆ ಸೇರುತ್ತಾರೆ. ನಾವೇ ಒಂದು ಸಹಕಾರ ಸಂಘ ಕಟ್ಟಿಕೊಂಡು, ನೂಲನ್ನು ನಾವೇ ತರಿಸಿ, ಬಟ್ಟೆಯನ್ನು ನಾವೇ ಮಾರಿದರೆ ಹೇಗೆ ಎಂದು ಯೋಚಿಸುತ್ತಾರೆ. ಷೇರು ಹಣ ಕೂಡಿಸುತ್ತಾರೆ. ತಮ್ಮಲ್ಲೊಬ್ಬರನ್ನು ಮುಖ್ಯ ಪ್ರವರ್ತಕರನ್ನಾಗಿ ಆರಿಸುತ್ತಾರೆ. ತಿಳಿದವರಿಂದ ಉಪವಿಧಿಗಳನ್ನು ಬರೆಸಿ, ಸಹಿ ಬಲ್ಲವರು ಸಹಿ ಮಾಡಿ, ಬಾರದವರು ಹೆಬ್ಬೆಟ್ಟು ಒತ್ತಿ, ನಿಬಂಧಕರ ಕಚೇರಿಗೆ ಅರ್ಜಿ ಸಲ್ಲಿಸುತ್ತಾರೆ.

ತಿಂಗಳುಗಳು ಉರುಳುತ್ತವೆ. ಕೊನೆಗೊಂದು ದಿನ ಹಿಂಬರಹ ಬರುತ್ತದೆ. ಪರಿಶೀಲಿಸಲಾಗಿ, ಸದರಿ ಸಂಘವನ್ನು ನೋಂದಾಯಿಸಲು ಅವಕಾಶವಿರುವುದಿಲ್ಲ ಎಂಬ ಒಂದೇ ಸಾಲು. ಕೆಳಗೆ ಸಹಿ ಮತ್ತು ಮೊಹರು.

ಈ ಓಣಿ ನನ್ನ ಕಲ್ಪನೆಯದು. ಆದರೆ ಇಂಥ ಹಿಂಬರಹವನ್ನು ಕೈಯಲ್ಲಿ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತುವ ಬಡವರ ಪಾಡು ಕಲ್ಪನೆಯದಲ್ಲ. ಕಾನೂನಿನ ವಾದವನ್ನು ವಕೀಲರು ಮಾಡಲಿ. ನಾವು ಅದರ ಹಿಂದೆ ನಿಂತಿರುವ ನೈತಿಕ ಪ್ರಶ್ನೆಯನ್ನು ಕುರಿತು ಚಿಂತಿಸೋಣ. ಒಂದಾಗಿ ದುಡಿಯುತ್ತೇವೆ ಎನ್ನುವ ಜನರಿಗೆ ‘ಇಲ್ಲ’ ಎನ್ನುವ ಹಕ್ಕು ಯಾರಿಗಾದರೂ ಇದೆಯೇ? ಇದ್ದರೆ, ಹಾಗೆನ್ನುವವರು ಆ ಜನರಿಗೆ ಏನನ್ನು ಸಲ್ಲಿಸಬೇಕಾಗುತ್ತದೆ?

ಮೊದಲಿಗೆ, ಒಂದು ಮೊಹರಿಗೆ ಅಷ್ಟೊಂದು ಬೆಲೆಯೇಕೆ ಎಂಬುದನ್ನು ತಿಳಿಯಬೇಕು. ನೋಂದಣಿಯಾದ ಸಂಘವು ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿಯಿದ್ದಂತೆ. ಅದು ತನ್ನ ಹೆಸರಿನಲ್ಲಿ ಬ್ಯಾಂಕಿನ ಖಾತೆ ತೆರೆಯಬಲ್ಲದು, ಸಾಲ ಪಡೆಯಬಲ್ಲದು, ಜಾಗ ಕೊಳ್ಳಬಲ್ಲದು, ಮೋಸ ಮಾಡಿದವನ ಮೇಲೆ ದಾವೆ ಹೂಡಬಲ್ಲದು. ಸದಸ್ಯರು ಬರುತ್ತಾರೆ, ಹೋಗುತ್ತಾರೆ, ಸಂಘ ಉಳಿಯುತ್ತದೆ. ನೋಂದಣಿಯಿಲ್ಲದ ಕೂಟಕ್ಕೆ ಇದಾವುದೂ ಇಲ್ಲ. ಹತ್ತು ಮಂದಿ ಎಷ್ಟೇ ಒಂದಾಗಿದ್ದರೂ ವ್ಯಾಪಾರಿಯ ಎದುರು ಪ್ರತಿಯೊಬ್ಬನೂ ಒಂಟಿ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 31 ಲಕ್ಷ ಕೈಮಗ್ಗ ಕುಟುಂಬಗಳಿದ್ದವು. ಅವುಗಳಲ್ಲಿ ಸುಮಾರು ಮೂರನೇ ಎರಡರಷ್ಟು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆಯಿತ್ತು. ನೇಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಇಂಥವರಿಗೆ ಆ ಮೊಹರು ಬರಿಯ ಶಾಯಿಯಲ್ಲ, ಅನ್ನದ ದಾರಿ.

ಸಹಕಾರದ ಕಲ್ಪನೆ ಬೆಳೆದು ಬಂದುದರಲ್ಲಿ ನೇಕಾರರ ಪಾಲು ಹಿರಿದು ಎಂಬುದನ್ನೂ ನಾವು ನೆನೆಯಬೇಕು. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದ ರಾಚ್‌ಡೇಲ್ ಊರಿನಲ್ಲಿ 1844ರಲ್ಲಿ ಉಣ್ಣೆ ಬಟ್ಟೆಯ ನೇಕಾರರು ಹಾಗೂ ಇತರ ಕುಶಲಕರ್ಮಿಗಳು ಕೆಲವರು ಒಂದುಗೂಡಿದರು. ಸಂಘದ ಮೊದಲ ಸದಸ್ಯರು 28 ಮಂದಿ, ಕೂಡಿಸಿದ ಬಂಡವಾಳ 28 ಪೌಂಡು ಎಂದು ಇತಿಹಾಸ ಹೇಳುತ್ತದೆ. ಆ ವರ್ಷದ ಡಿಸೆಂಬರ್ 21ರ ಸಂಜೆ ಅವರು ಒಂದು ಪುಟ್ಟ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ, ಇಷ್ಟೇ ಅಲ್ಲಿದ್ದ ಸರಕು. ಆಗ ಸಹಕಾರ ಸಂಘಗಳಿಗೆಂದೇ ಒಂದು ಕಾಯ್ದೆ ಇರಲಿಲ್ಲ. ಕಾಯಿಲೆ, ಸಾವುಗಳಲ್ಲಿ ಒಬ್ಬರಿಗೊಬ್ಬರು ನೆರವಾಗುವ ಸಂಘಗಳಿಗಾಗಿ ಇದ್ದ ಕಾಯ್ದೆಯ ಅಡಿಯಲ್ಲಿಯೇ ಅವರು ನೋಂದಣಿ ಮಾಡಿಸಿಕೊಂಡರು. ಅಂಥ ಸಂಘಗಳಿಗೆ ತಕ್ಕ ಕಾಯ್ದೆ ಬಂದುದು ಎಂಟು ವರ್ಷಗಳ ಬಳಿಕ, 1852ರಲ್ಲಿ. ಮೊದಲು ಜನ ಒಂದಾದರು. ಕಾನೂನು ಅವರ ಹಿಂದೆ ನಡೆದು ಬಂದಿತು.

ನಮ್ಮ ನಾಡಿನಲ್ಲಿ 1904ರ ಕಾಯ್ದೆಯು ಹತ್ತು ಮಂದಿ ವಯಸ್ಕರು ಸೇರಿ ಸಹಕಾರ ಸಂಘ ಕಟ್ಟಲು ದಾರಿ ತೆರೆಯಿತು. ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ರೈತರ ಸಂಘ ಹುಟ್ಟಿತು. ಬಳ್ಳಾರಿಯು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅದು ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಕಾಸರಗೋಡು ಕೂಡ ಆಗ ಅದೇ ಮದರಾಸಿನ ಆಡಳಿತದಲ್ಲಿತ್ತು. ಅಲ್ಲಿ 1938ರಲ್ಲಿ ಆರಂಭವಾದ ನೇಕಾರರ ಸಹಕಾರ ಸಂಘದಿಂದಾಗಿ ಕಾಸರಗೋಡು ಸೀರೆ ತನ್ನ ಹೆಸರನ್ನು ಉಳಿಸಿಕೊಂಡಿದೆ. ಒಂದು ಊರಿನ ನೇಕಾರರ ಅರ್ಜಿಗೆ ‘ಆಗಲಿ’ ಎಂಬ ಉತ್ತರ ದೊರೆತರೆ ಎಷ್ಟು ತಲೆಮಾರು ಬಾಳಬಹುದು ಎಂಬುದಕ್ಕೆ ಇದೊಂದು ಸಾಕ್ಷಿ.

ಹಾಗಾದರೆ ‘ಇಲ್ಲ’ ಎನ್ನುವ ಅಧಿಕಾರಿ ಯಾವಾಗಲೂ ತಪ್ಪಿತಸ್ಥನೇ? ಇಲ್ಲಿ ನಾವು ದುಡುಕಬಾರದು. ಮಗ್ಗವನ್ನು ಮುಟ್ಟಿಯೂ ನೋಡದವರ ಹೆಸರುಗಳನ್ನು ಪಟ್ಟಿಯಲ್ಲಿ ತುಂಬಿಸಿ, ಸರ್ಕಾರದ ರಿಯಾಯಿತಿ, ಸಹಾಯಧನಗಳನ್ನು ನುಂಗುವ ಕಾಗದದ ಸಂಘಗಳನ್ನು ನಾವು ಕೇಳಿಲ್ಲವೇ? ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಬಣ್ಣದ ಮಾತಿನ ಸಂಘವೊಂದರಲ್ಲಿ ಇರಿಸಿ ಕಳೆದುಕೊಂಡವರು ನಮ್ಮ ನಡುವೆಯೂ ಇದ್ದಾರೆ. ಹಾಗೆ ಕಳೆದುಕೊಂಡವರು ಕೇಳುವ ಮೊದಲ ಪ್ರಶ್ನೆ, ಇಂಥ ಸಂಘಕ್ಕೆ ಸರ್ಕಾರ ಅನುಮತಿ ಹೇಗೆ ಕೊಟ್ಟಿತು ಎಂಬುದೇ. ಆದ್ದರಿಂದ ಮೊಹರು ಒತ್ತುವ ಮುನ್ನ ನೋಡಿ ಒತ್ತುವುದು ಅಧಿಕಾರಿಯ ಧರ್ಮ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯೂ ಇದನ್ನೇ ಬಯಸುತ್ತದೆ. ಉಪವಿಧಿಗಳು ಕಾನೂನಿಗೆ ವಿರುದ್ಧವಾಗಿಲ್ಲವೆಂದೂ ಸಂಘವು ನೆಟ್ಟಗೆ ನಡೆಯುವ ಸಂಭವವಿದೆಯೆಂದೂ ನಿಬಂಧಕರಿಗೆ ಮನವರಿಕೆಯಾಗಬೇಕು. ಒಳ್ಳೆಯ ಕಾವಲುಗಾರ ಬೇಡದವರಿಗೆ ಬಾಗಿಲು ಮುಚ್ಚಲೇಬೇಕು. ಆದರೆ ಕಾವಲುಗಾರನು ತಾನೇ ಮನೆಯ ಯಜಮಾನನೆಂದು ಭಾವಿಸಿದಾಗ ತೊಂದರೆ ಮೊದಲಾಗುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕವಿರುವುದು ನಿಮಗೆ ಗೊತ್ತು. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನ ತಂದೆತಾಯಿಯರ ಹೆಸರು ಎಲ್ಲವನ್ನೂ ಗುರುಗಳು ಅದರಲ್ಲಿ ಬರೆದಿಡುತ್ತಾರೆ. ಮುಂದೆ ಮದುವೆಯ ಕಾಲದಲ್ಲಿ ಆ ಪುಟವಿಲ್ಲದೆ ನಡೆಯದು. ಆದರೆ ಆ ಪುಸ್ತಕ ಮಗುವನ್ನು ಹೆತ್ತದ್ದಲ್ಲ. ತಾಯಿಯ ಗರ್ಭದಲ್ಲಿ ದೇವರು ಕೊಟ್ಟ ಜೀವವನ್ನು ಕಂಡು, ‘ಹೌದು, ಇದು ನಡೆದಿದೆ’ ಎಂದು ಅದು ಸಾಕ್ಷಿ ನುಡಿಯುತ್ತದೆ, ಅಷ್ಟೆ. ಸಂಘದ ನೋಂದಣಿಯನ್ನೂ ನಾವು ಹೀಗೆಯೇ ಕಾಣಬಹುದಲ್ಲವೇ? ಜಗಲಿಯ ಮೇಲೆ ಕುಳಿತು ಇಪ್ಪತ್ತು ಕುಟುಂಬಗಳು ಒಬ್ಬರನ್ನೊಬ್ಬರು ನಂಬಿದ ಆ ಸಂಜೆಯೇ ಸಂಘ ಹುಟ್ಟಿತು. ಸರ್ಕಾರ ಅದಕ್ಕೆ ಕಾನೂನಿನ ಮೈ ಕೊಡುತ್ತದೆ, ಜೀವ ಕೊಡುವುದಿಲ್ಲ.

ಧರ್ಮಸಭೆಯ ಸಾಮಾಜಿಕ ಬೋಧನೆ ಇದನ್ನು ಬಹಳ ಹಿಂದೆಯೇ ಗುರುತಿಸಿದೆ. ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿ ಕಾರ್ಮಿಕರ ಸ್ಥಿತಿಯನ್ನು ಕುರಿತು ಹೊರಡಿಸಿದ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ, ಒಂದುಗೂಡುವುದು ಮನುಷ್ಯನ ಸಹಜ ಹಕ್ಕು, ರಾಜ್ಯ ಇರುವುದು ಅಂಥ ಹಕ್ಕುಗಳನ್ನು ಕಾಯುವುದಕ್ಕೆ, ಅಳಿಸುವುದಕ್ಕಲ್ಲ ಎಂದು ವಿವರಿಸಿದರು. ಕೆಟ್ಟ ಉದ್ದೇಶದ ಕೂಟಗಳನ್ನು ರಾಜ್ಯ ತಡೆಯಬಹುದು ಎಂಬುದನ್ನೂ ಅವರು ಅಲ್ಲಿಯೇ ಒಪ್ಪಿದರು. 1931ರಲ್ಲಿ ಹನ್ನೊಂದನೆಯ ಪಿಯುಸ್ ಅವರು, ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಅಧಿಕಾರ ಕಸಿದುಕೊಳ್ಳುವುದು ಅನ್ಯಾಯವೆಂದು ಬೋಧಿಸಿದರು.

ನಮ್ಮ ಸಂವಿಧಾನವೂ ಬೇರೆ ದಾರಿಯಿಂದ ಇದೇ ಊರಿಗೆ ಬಂದು ಸೇರಿದೆ. 19ನೆಯ ವಿಧಿಯು ಆರಂಭದಿಂದಲೂ ಸಂಘ ಸಂಸ್ಥೆಗಳನ್ನು ಕಟ್ಟಿಕೊಳ್ಳುವ ಹಕ್ಕನ್ನು ನಾಗರಿಕರಿಗೆ ನೀಡಿತ್ತು. 2011ರಲ್ಲಿ ಸಂಸತ್ತು ಅಂಗೀಕರಿಸಿ 2012ರ ಫೆಬ್ರುವರಿ 15ರಂದು ಜಾರಿಗೆ ಬಂದ 97ನೆಯ ತಿದ್ದುಪಡಿಯು ಆ ವಿಧಿಯಲ್ಲಿ ‘ಸಹಕಾರ ಸಂಘಗಳು’ ಎಂಬ ಪದವನ್ನು ಸ್ಪಷ್ಟವಾಗಿ ಸೇರಿಸಿತು. ಸಹಕಾರ ಸಂಘಗಳು ಸ್ವಇಚ್ಛೆಯಿಂದ ಹುಟ್ಟುವಂತೆ, ಸ್ವಾಯತ್ತವಾಗಿ ನಡೆಯುವಂತೆ ರಾಜ್ಯವು ಪ್ರೋತ್ಸಾಹಿಸಬೇಕೆಂಬ ನಿರ್ದೇಶಕ ತತ್ವವೂ ಜೊತೆಗೆ ಬಂದಿತು. ಅದೇ ತಿದ್ದುಪಡಿಯ ಇನ್ನೊಂದು ಭಾಗ, ಸಂಘಗಳ ಆಡಳಿತವನ್ನು ಕುರಿತದ್ದು, ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಪಡೆದಿರಲಿಲ್ಲ. ಆ ಕಾರಣಕ್ಕಾಗಿ 2021ರ ಜುಲೈ 20ರಂದು ಸರ್ವೋಚ್ಚ ನ್ಯಾಯಾಲಯವು, ರಾಜ್ಯಗಳೊಳಗಿನ ಸಹಕಾರ ಸಂಘಗಳಿಗೆ ಆ ಭಾಗ ಅನ್ವಯಿಸದೆಂದು ತೀರ್ಪಿತ್ತಿತು. ಆದರೆ ಮೂಲಭೂತ ಹಕ್ಕಿನಲ್ಲಿ ಸೇರಿದ ಆ ಪದ ಅಳಿಯಲಿಲ್ಲ. ಇಂದಿಗೂ ಅಲ್ಲಿಯೇ ಇದೆ.

ಹಕ್ಕು ಜನರದು, ಪರಿಶೀಲನೆಯ ಹೊಣೆ ಅಧಿಕಾರಿಯದು. ಇವೆರಡನ್ನೂ ಒಪ್ಪಿದ ಮೇಲೆ ನಾವು ಮೊದಲ ಪ್ರಶ್ನೆಗೆ ಮರಳಬಹುದು. ‘ಇಲ್ಲ’ ಎನ್ನುವವನು ಏನನ್ನು ಸಲ್ಲಿಸಬೇಕು? ನನ್ನ ಎಣಿಕೆಯಲ್ಲಿ ಉತ್ತರ ಬಹಳ ಸರಳ: ಅವನು ಕಾರಣವನ್ನು ಸಲ್ಲಿಸಬೇಕು. ಅದನ್ನು ತಕ್ಕ ಕಾಲದಲ್ಲಿ, ಕೇಳುವವನಿಗೆ ಅರ್ಥವಾಗುವ ಮಾತಿನಲ್ಲಿ ಸಲ್ಲಿಸಬೇಕು. ನಿರಾಕರಿಸಿದರೆ ಕಾರಣಸಹಿತವಾಗಿ ತಿಳಿಸಬೇಕೆಂದು ನಮ್ಮ ರಾಜ್ಯದ ಕಾಯ್ದೆಯೇ ಹೇಳುತ್ತದೆ. ಇದು ಬರಿಯ ಕಚೇರಿಯ ಶಿಷ್ಟಾಚಾರವಲ್ಲ. ಇದರಲ್ಲಿ ಮನುಷ್ಯನ ಘನತೆಯ ಗುಟ್ಟು ಅಡಗಿದೆ.

ಹೇಗೆಂದು ನೋಡಿ. ಗುಜರಾತಿನ ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ ಬಡ ಮಹಿಳಾ ಕಾರ್ಮಿಕರ ‘ಸೇವಾ’ ಸಂಘಟನೆಯನ್ನು ಕಾರ್ಮಿಕ ಸಂಘವಾಗಿ ನೋಂದಾಯಿಸಲು ಹೋದಾಗ ಅಧಿಕಾರಿಗಳು ಹಿಂಜರಿದರು. ತಲೆಹೊರೆಯವರಿಗೆ, ಬೀದಿಯಲ್ಲಿ ಮಾರುವವರಿಗೆ ಮಾಲೀಕನೇ ಇಲ್ಲವಲ್ಲ, ಇವರ ಹೋರಾಟ ಯಾರ ಎದುರು ಎಂಬುದು ಅವರ ಆಕ್ಷೇಪಣೆ. ಕಾರ್ಮಿಕ ಸಂಘವೆಂದರೆ ಮಾಲೀಕನ ಎದುರು ನಿಲ್ಲುವುದಷ್ಟೇ ಅಲ್ಲ, ದುಡಿಯುವವರು ಒಬ್ಬರಿಗೊಬ್ಬರು ಆಸರೆಯಾಗುವುದೂ ಹೌದು ಎಂದು ವಾದಿಸಿ ಅವರು ನೋಂದಣಿ ಪಡೆದರು. ಎರಡು ವರ್ಷಗಳ ಬಳಿಕ ಅದೇ ಮಹಿಳೆಯರು ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಲು ಹೊರಟರು. ನಾಲ್ಕು ಸಾವಿರ ಮಂದಿ ತಲಾ 10 ರೂಪಾಯಿಯ ಷೇರು ಕೊಟ್ಟಿದ್ದರು. ಈ ಸಲದ ಆಕ್ಷೇಪಣೆ, ಇವರು ಅನಕ್ಷರಸ್ಥರು, ಸಹಿ ಹಾಕಲೂ ಬಾರದವರು ಬ್ಯಾಂಕು ನಡೆಸುವುದು ಹೇಗೆ ಎಂಬುದು. ಕಾಗದಪತ್ರಗಳಿಗೆ ಸಹಿ ಮಾಡಬೇಕಾಗಿದ್ದ ಆ ಮಹಿಳೆಯರು ರಾತ್ರಿಯೆಲ್ಲ ಕುಳಿತು ತಮ್ಮ ಹೆಸರನ್ನು ಬರೆಯಲು ಕಲಿತರು. 1974ರಲ್ಲಿ ಬ್ಯಾಂಕು ನೋಂದಣಿಯಾಯಿತು.

ಅಧಿಕಾರಿಗಳ ಆ ಆಕ್ಷೇಪಣೆಗಳು ಕಠಿಣವಾಗಿದ್ದವು, ಬಡವರನ್ನು ಕೀಳಾಗಿ ಕಾಣುವ ಧೋರಣೆಯೂ ಅವುಗಳಲ್ಲಿತ್ತು ಎನ್ನಬಹುದು. ಆದರೂ ಅವು ಬಾಯಿಬಿಟ್ಟು ಹೇಳಿದ ಕಾರಣಗಳು. ಆದ್ದರಿಂದ ಒಂದಕ್ಕೆ ವಾದದಿಂದ, ಇನ್ನೊಂದಕ್ಕೆ ಒಂದು ರಾತ್ರಿಯ ಕಲಿಕೆಯಿಂದ ಉತ್ತರ ಕೊಡಲು ಸಾಧ್ಯವಾಯಿತು. ಕಾರಣವಿಲ್ಲದ ‘ಇಲ್ಲ’ಕ್ಕೆ ಯಾವ ಉತ್ತರ ಕೊಡೋಣ? ಅದು ಬಾಗಿಲಲ್ಲ, ಗೋಡೆ. ಕಾರಣ ಕೊಡುವವನು ಎದುರಿಗಿರುವವನನ್ನು ಯೋಚಿಸಬಲ್ಲ, ತಿದ್ದಿಕೊಳ್ಳಬಲ್ಲ, ಮರುನುಡಿಯಬಲ್ಲ ಮನುಷ್ಯನೆಂದು ಒಪ್ಪುತ್ತಾನೆ. ಕಾರಣ ಕೊಡದವನು ಅವನನ್ನು ಒಂದು ಕಡತವಾಗಿಸುತ್ತಾನೆ.

ನೇಕಾರರ ಸಂಘಗಳ ವಿಚಾರದಲ್ಲಿ ಬರಬಹುದಾದ ಕಾರಣಗಳನ್ನೇ ನೋಡೋಣ. ‘ಈ ಪ್ರದೇಶದಲ್ಲಿ ಈಗಾಗಲೇ ಒಂದು ಸಂಘವಿದೆ’ ಎಂಬುದೊಂದು. ಎರಡು ಸಂಘಗಳು ಪೈಪೋಟಿಗಿಳಿದು ಎರಡೂ ಮುಳುಗುವ ಭಯ ಸುಳ್ಳಲ್ಲ. ಆದರೆ ಆ ಹಳೆಯ ಸಂಘ ಉಸಿರಾಡುತ್ತಿದೆಯೇ, ಇವರಿಗೆ ಸದಸ್ಯತ್ವ ಕೊಡುತ್ತದೆಯೇ, ಅಥವಾ ಬರಿಯ ಫಲಕವಾಗಿ ಉಳಿದಿದೆಯೇ ಎಂದು ನೋಡದೆ ಹಾಗೆನ್ನುವುದು ಸರಿಯಲ್ಲ. ‘ಈ ಸಂಘ ಆರ್ಥಿಕವಾಗಿ ನಿಲ್ಲಲಾರದು’ ಎಂಬುದು ಇನ್ನೊಂದು. ಬಡವರು ಕಟ್ಟುವ ಯಾವ ಸಂಘ ತಾನೆ ಮೊದಲ ದಿನವೇ ಗಟ್ಟಿಯಾಗಿ ನಿಂತೀತು? 28 ಪೌಂಡಿನ ಅಂಗಡಿಯನ್ನು ಅಂದು ಯಾರಾದರೂ ಹೀಗೆ ಅಳೆದಿದ್ದರೆ ಅದರ ಬಾಗಿಲು ತೆರೆಯುತ್ತಲೇ ಇರಲಿಲ್ಲ. ‘ಇವರು ನಿಜವಾದ ನೇಕಾರರಲ್ಲ’ ಎಂಬುದು ಮೂರನೆಯದು. ಇದಕ್ಕೆ ಪರಿಹಾರ ಸುಲಭ: ಓಣಿಗೆ ಬಂದು ಮಗ್ಗದ ಸದ್ದು ಕೇಳುವುದು.

ಇಷ್ಟಾಗಿಯೂ ನ್ಯಾಯ ಸಿಗದಿದ್ದರೆ ಮೇಲ್ಮನವಿಯಿದೆ, ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿಯಿದೆ. 2008ರ ಜುಲೈಯಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗುವವರೆಗೆ ಬಳ್ಳಾರಿಯ ಬಡವನು ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕಿತ್ತು. ಆ ಪೀಠ 2013ರಲ್ಲಿ ಕಾಯಂ ಆಯಿತು. ದಾರಿ ಹತ್ತಿರವಾಗಿದೆ, ಕಾಲ ಮಾತ್ರ ಹತ್ತಿರವಾಗಿಲ್ಲ. ನ್ಯಾಯಾಲಯವು ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ತಾನೇ ಮೊಹರು ಒತ್ತುವುದಿಲ್ಲ. ಕಾನೂನಿನಂತೆ ಮರುಪರಿಶೀಲಿಸಿ ಕಾರಣಸಹಿತ ಆದೇಶ ಮಾಡಿ ಎಂದು ಕಡತವನ್ನು ಅಧಿಕಾರಿಗೆ ಮರಳಿಸುತ್ತದೆ. ಅಂದರೆ ವರ್ಷಗಳ ಅಲೆದಾಟದ ಬಳಿಕ ಬಡವನಿಗೆ ದೊರೆಯುವುದು ಮೊದಲ ದಿನವೇ ಉಚಿತವಾಗಿ ದೊರೆಯಬೇಕಾಗಿದ್ದ ವಸ್ತು: ಒಂದು ಕಾರಣ. ಅಷ್ಟರಲ್ಲಿ ಎಷ್ಟು ಮಗ್ಗಗಳು ಕಟ್ಟಿಗೆಯಾಗಿರುತ್ತವೋ, ಎಷ್ಟು ಮಂದಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ದಿನಗೂಲಿಗೆ ಹೋಗಿರುತ್ತಾರೋ ಯಾರು ಲೆಕ್ಕವಿಡುತ್ತಾರೆ?

ಸಂತ ಲೂಕರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಬರುವ ವಿಧವೆಯೊಬ್ಬಳಿದ್ದಾಳೆ. ಎಡೆಬಿಡದ ಪ್ರಾರ್ಥನೆಗೆ ಆಕೆಯನ್ನು ಮಾದರಿಯಾಗಿ ನಾವು ಕಾಣುತ್ತೇವೆ, ಅದು ಸರಿಯೇ. ಆದರೆ ಆ ನ್ಯಾಯಾಧೀಶನನ್ನೂ ಒಮ್ಮೆ ನೋಡಿ. ಕೊನೆಗೆ ಅವನು ನ್ಯಾಯ ಕೊಟ್ಟದ್ದು ಆಕೆಯ ಮಾತು ನ್ಯಾಯವಾದುದೆಂದಲ್ಲ, ಆಕೆಯ ಕಾಟ ತಾಳಲಾರದೆ. ಬಡವರು ಕಾಟ ಕೊಟ್ಟರೆ ಮಾತ್ರ ನ್ಯಾಯ ಸಿಗುವ ಊರು ಒಳ್ಳೆಯ ಊರಲ್ಲ ಎಂಬುದನ್ನೂ ಆ ಸಾಮತಿ ನಮಗೆ ತಿಳಿಸುತ್ತಿಲ್ಲವೇ?

ಪ್ರಿಯರೇ, ಇಷ್ಟನ್ನು ಓದಿ ಸರ್ಕಾರವನ್ನು ಬೈದು ಪತ್ರಿಕೆ ಮಡಿಸಿಡುವುದು ಸುಲಭ. ಆದರೆ ಈ ಪ್ರಶ್ನೆ ನಮ್ಮ ಮನೆಯ ಹೊಸ್ತಿಲನ್ನೂ ದಾಟಿ ಬರುತ್ತದೆ. ನಮ್ಮ ಕುಟುಂಬಗಳ ಎಷ್ಟೋ ಮಕ್ಕಳು ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಶಾಲೆ, ಆಸ್ಪತ್ರೆಗಳಲ್ಲಿ ಮೇಜಿನ ಹಿಂದೆ ಕುಳಿತಿದ್ದಾರೆ. ನಾಳೆ ಬನ್ನಿ, ಆಗುವುದಿಲ್ಲ ಎಂಬ ಮಾತುಗಳು ಅವರ ಬಾಯಿಂದಲೂ ದಿನವೂ ಹೊರಡುತ್ತವೆ. ‘ಆಗುವುದಿಲ್ಲ, ಏಕೆಂದರೆ...’ ಎಂದು ಇನ್ನೊಂದೇ ಪದ ಸೇರಿಸಲು ಅವರಿಗೆ ಕಲಿಸಿ. ಮನೆಯಲ್ಲಿ ಮಗಳು ಮೇಲಿನ ಓದಿಗೆ ಹೋಗುತ್ತೇನೆ ಎಂದಾಗ, ಮಗ ಬೇರೆ ಕೆಲಸ ಹಿಡಿಯುತ್ತೇನೆ ಎಂದಾಗ, ‘ಬೇಡ ಎಂದರೆ ಬೇಡ’ ಎನ್ನುವ ತಂದೆಯೂ ಕಾರಣವಿಲ್ಲದ ಹಿಂಬರಹವನ್ನೇ ಬರೆಯುತ್ತಿರುತ್ತಾನೆ. ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಧರ್ಮಕೇಂದ್ರದ ಯುವಕರೋ ಮಹಿಳೆಯರೋ ಒಂದು ಹೊಸ ಯೋಚನೆಯನ್ನು ಹೊತ್ತು ತಂದಾಗ, ಆಯಾಸದಿಂದಲೋ ಅಧಿಕಾರದಿಂದಲೋ ಕಾರಣ ಹೇಳದೆ ತಳ್ಳಿಹಾಕಿದ ದಿನಗಳು ನನ್ನ ಲೆಕ್ಕದಲ್ಲಿಯೂ ಇವೆ.

ಒಂದಾಗಿ ದುಡಿಯಲು ಹೊರಟವರಿಗೂ ಒಂದು ಮಾತಿದೆ. ಮೊಹರು ಬರುವವರೆಗೆ ಬಂಧವನ್ನು ಸಡಿಲಬಿಡಬೇಡಿ. ಸಂತ ಪೌಲರು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಸಿಲ ದಂಪತಿಗಳೊಡನೆ ಗುಡಾರದ ಕೆಲಸ ಮಾಡಿಕೊಂಡು ಬಾಳಿದರು. ಅವರನ್ನು ಕೂಡಿಸಿದ್ದು ಒಂದೇ ಕಸುಬು, ಒಂದೇ ವಿಶ್ವಾಸ. ಕೂಡಿಸಿದ ಷೇರು ಹಣದ ಲೆಕ್ಕವನ್ನು ಮೊದಲ ದಿನದಿಂದಲೇ ಚೊಕ್ಕವಾಗಿ ಬರೆದಿಡಿ. ಸಭೆಯ ನಡವಳಿಗಳನ್ನು ಎಲ್ಲರೆದುರು ಓದಿ. ಹಾಗೆ ಬಾಳುವ ಸಂಘದ ಎದುರು ನಿಂತ ಅಧಿಕಾರಿಗೆ ‘ಇಲ್ಲ’ ಎನ್ನಲು ಕಾರಣ ಹುಡುಕುವುದೇ ಕಷ್ಟವಾಗುತ್ತದೆ.

ಬಟ್ಟೆಯಲ್ಲಿ ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಎರಡೂ ಒಂದನ್ನೊಂದು ತಡೆದಂತೆ ಕಂಡರೂ ಆ ತಡೆಯಿಂದಲೇ ನೇಯ್ಗೆ ಗಟ್ಟಿಯಾಗುತ್ತದೆ. ಜನರ ಹಕ್ಕು, ಅಧಿಕಾರದ ಪರಿಶೀಲನೆ ಎರಡೂ ಸಮಾಜಕ್ಕೆ ಬೇಕು. ಅವೆರಡನ್ನೂ ಹೆಣೆಯುವ ಲಾಳಿ ಎಂದರೆ ಕೊಟ್ಟು ತೆಗೆದುಕೊಳ್ಳುವ ಕಾರಣ. ಮುಂದಿನ ಸಲ ಯಾರಿಗಾದರೂ ‘ಇಲ್ಲ’ ಎನ್ನುವ ಮುನ್ನ, ಅದಕ್ಕೆ ಕಾರಣ ನಮ್ಮ ಕೈಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳೋಣ. ಇಲ್ಲದಿದ್ದರೆ, ಬಹುಶಃ ನಾವು ಹೇಳಬೇಕಾದ ಮಾತು ‘ಆಗಲಿ’ ಎಂಬುದೇ ಇರಬೇಕು.